ಗಂಜಿ ಹಾಕಿದ ಬೇಟೆ ಅಂಗಿ

ಅಪ್ಪನ ಕಣ್ಣಿನ ವಿಷಯ ನನಗೆ ಗೊತ್ತಾದದ್ದು ಪೇಪರಿನಿಂದ. ಹಾಲ್‌ನ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು ದಿನವೂ ಒಂದು ಗಂಟೆ ಓದುತ್ತಿದ್ದರು. ಪುಟ ತಿರುಗಿಸುವ ಸದ್ದು ಅಡುಗೆಮನೆವರೆಗೂ ಬರುತ್ತಿತ್ತು. ಒಂದು ಬೆಳಗ್ಗೆ ಕಾಫಿ ಕೊಡಲು ಹೋದಾಗ ನೋಡಿದರೆ ಅವರ ಕೈಯಲ್ಲಿದ್ದದ್ದು ಮೂರು ದಿನ ಹಿಂದಿನ ಪೇಪರು. ನಿನ್ನೆಯೂ ಇದೇ ಇತ್ತೇ ಅಂತ ಯೋಚಿಸಿದೆ. ಇತ್ತು. ಮೂಲೆಯಲ್ಲಿ ನಾನೇ ಬೀಳಿಸಿದ್ದ ಸಾರಿನ ಚುಕ್ಕೆ ಹಾಗೇ ಇತ್ತು.

"ಅಪ್ಪಾ, ಇದು ಹಳೇ ಪೇಪರು" ಅಂದೆ.

ತಲೆ ಎತ್ತಿ ನನ್ನನ್ನು ನೋಡಿದರು. ನನ್ನನ್ನಲ್ಲ, ನನ್ನ ಕಿವಿಯ ಪಕ್ಕದ ಗೋಡೆಯನ್ನು. "ಗೊತ್ತು ಕಣಮ್ಮ. ಈಗ ನನಗೆ ಎಲ್ಲಾ ಪೇಪರೂ ಒಂದೇ."

ಜಯನಗರದಲ್ಲೇ, ಮನೆಯಿಂದ ನಡೆದು ಹೋಗುವಷ್ಟು ಹತ್ತಿರದ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು, ಬಿಡಿಸಿ ಹೇಳುವ ತಾಳ್ಮೆಯವರು. ಕಣ್ಣಿನ ಒಳಪದರದ ನಡುಭಾಗ ಸವೆಯುತ್ತಿದೆ, ಕಾಫಿ ಚೆಲ್ಲಿದ ಕಲೆ ಹರಡಿದ ಹಾಗೆ ಅದು ನಡುವಿನಿಂದ ಹೊರಕ್ಕೆ ಹರಡುತ್ತೆ, ಇವರದ್ದು ಇಂಜೆಕ್ಷನ್‌ಗೆ ಬಗ್ಗುವ ಥರದ್ದಲ್ಲ ಅಂದರು. ಅಂಚಿನ ನೋಟ ಬಹಳ ದಿನ ಉಳಿಯಬಹುದು, ಆದರೆ ಸಣ್ಣದು, ದೂರದ್ದು, ಬಣ್ಣದ್ದು ಒಂದೊಂದಾಗಿ ಹೋಗುತ್ತೆ. "ಎಷ್ಟು ದಿನ?" ಅಂತ ಅಪ್ಪ ಕೇಳಿದರು. "ಹೇಳೋಕಾಗಲ್ಲ ಅಂಕಲ್. ಏನಾದ್ರೂ ನೋಡ್ಬೇಕು ಅಂತ ಆಸೆ ಇದ್ರೆ ಮುಂದಕ್ಕೆ ಹಾಕ್ಬೇಡಿ" ಅಂದರು ಡಾಕ್ಟರು.

ಅದು ಸುಮ್ಮನೆ ಸಮಾಧಾನಕ್ಕೆ ಹೇಳಿದ ಮಾತು ಅಂದುಕೊಂಡೆ. ಅಪ್ಪ ಅದನ್ನು ಕೇಳಿಸಿಕೊಂಡಿದ್ದರು.

ಅಪ್ಪ ನಮ್ಮ ಜೊತೆ ಇರಲು ಬಂದು ಆಗ ಎರಡು ವರ್ಷವಾಗಿತ್ತು. ಅಮ್ಮ ಹೋದಮೇಲೆ ಬನಶಂಕರಿಯ ಬಾಡಿಗೆ ಮನೆ ಬಿಟ್ಟು ಎರಡು ಟ್ರಂಕು, ಒಂದು ಕುರ್ಚಿ ತಂದರು. ಮಗಳ ಮನೆಯಲ್ಲಿ ಇರುವುದೇ ಅವರಿಗೆ ಸಂಕೋಚ. ಅದರ ಮೇಲೆ ನಮ್ಮದು ಬೇರೆ ಬೇರೆ ಥರದ ಮನೆಗಳು. ಅಪ್ಪನ ಕಡೆಯವರು ಕನಕಪುರದ ಕಡೆಯ ಬೇಟೆ ಮನೆತನ, ಮಾಂಸ ತಿನ್ನುವವರು. ನಾನು ಮದುವೆಯಾಗಿ ಬಂದದ್ದು ಲಿಂಗಾಯತರ ಮನೆಗೆ. ನಮ್ಮ ಅತ್ತೆಗೆ ಎಂಬತ್ತರ ಹತ್ತಿರ. ಬೆಳಗ್ಗೆ ಲಿಂಗಪೂಜೆ ಆಗದೆ ಒಂದು ಹನಿ ನೀರೂ ಕುಡಿಯದವರು. ಅಪ್ಪ ಬಂದ ದಿನವೇ ಹೇಳಿದ್ದರು, "ಅಮ್ಮಾವ್ರೇ, ನಾನು ಊಟ ಬಿಟ್ಟು ಬಂದಿದ್ದೀನಿ" ಅಂತ. ಅಂದರೆ ಮಾಂಸದ ಊಟ. ಅತ್ತೆ, "ಅಷ್ಟು ದೂರ ಬಿಟ್ಟು ಬರೋ ಅಗತ್ಯ ಇರಲಿಲ್ಲ ಬೀಗ್ರೇ, ಗೇಟಿನ ಹೊರಗೆ ಬಿಟ್ಟಿದ್ರೆ ಸಾಕಿತ್ತು" ಅಂದಿದ್ದರು. ಅಲ್ಲಿಂದ ಅವರಿಬ್ಬರ ನಡುವೆ ಎಲ್ಲವೂ ಆ ಧಾಟಿಯಲ್ಲೇ.

ನಾನು ಅಪ್ಪ ಬೇಟೆಯಾಡಿದ್ದನ್ನು ನೋಡಿದವಳಲ್ಲ. ನಾನು ಹುಟ್ಟುವ ಹೊತ್ತಿಗೆ ಬೇಟೆ ನಿಷೇಧಿಸುವ ಕಾನೂನು ಬಂದಾಗಿತ್ತು. ಅಪ್ಪ ಕೋವಿಯನ್ನು ಸ್ಟೇಷನ್ನಿಗೆ ಒಪ್ಪಿಸಿ ಫ್ಯಾಕ್ಟರಿ ಕೆಲಸಕ್ಕೆ ಸೇರಿದ್ದರು. ನನ್ನನ್ನು ಹಟ ಹಿಡಿದು ಕಾನ್ವೆಂಟಿಗೆ ಹಾಕಿದವರೂ ಅವರೇ. ಅಲ್ಲಿ ಹೊಲಿಗೆ ಕಲಿಸುತ್ತಿದ್ದ ಸಿಸ್ಟರ್ ನಮ್ಮ ಬಟ್ಟೆಯನ್ನು ಯಾವಾಗಲೂ ತಿರುಗಿಸಿ ಕಿಟಕಿಯ ಬೆಳಕಿಗೆ ಹಿಡಿಯುತ್ತಿದ್ದರು. ಹೊಲಿಗೆಗಳ ನಡುವೆ ಒಂದೇ ಅಂತರ ಇರಬೇಕು, ಹಿಂದಿನ ಬದಿ ಮುಂದಿನಷ್ಟೇ ಚೊಕ್ಕಟವಾಗಿರಬೇಕು. ಸೊಟ್ಟಗಾದರೆ ಬಿಚ್ಚಿ ಮತ್ತೆ ಹಾಕಬೇಕು. ಅದೆಷ್ಟು ಸಲ ಬಿಚ್ಚಿದ್ದೇನೋ. ಈಗಲೂ ನನ್ನ ಮನೆಯಲ್ಲಿ ದಿಂಬಿನ ಕವರಿಗೂ ಇಸ್ತ್ರಿ ಆಗುತ್ತೆ.

ಡಾಕ್ಟರ ಹತ್ತಿರ ಹೋಗಿ ಬಂದ ಒಂದು ವಾರಕ್ಕೆ, ಊಟದ ಹೊತ್ತಿನಲ್ಲಿ ಅಪ್ಪ ಹೇಳಿದರು. "ನನಗೊಂದು ಕೌಜುಗ ನೋಡ್ಬೇಕು."

ಕೌಜುಗ ಅಂದರೆ ಪೊದೆಗಳಲ್ಲಿ ಓಡಾಡುವ, ಎಳೇ ಕೋಳಿಯಷ್ಟು ಗಾತ್ರದ, ಮಣ್ಣು ಬಣ್ಣದ ಹಕ್ಕಿ. ಕೂಗು ಕೇಳುತ್ತೆ, ಹಕ್ಕಿ ಕಾಣುವುದಿಲ್ಲ. ನಮ್ಮ ಯಜಮಾನರು, "ಅದಕ್ಕೇನು ಮಾವ, ಒಳ್ಳೇ ಬೈನಾಕ್ಯುಲರ್ ತಂದುಕೊಡ್ತೀನಿ" ಅಂದರು.

"ಅದು ಕೆಲಸಕ್ಕೆ ಬರಲ್ಲ. ಅದರಲ್ಲಿ ನೋಡೋಕೆ ನಡುಗಣ್ಣು ಬೇಕು. ನನಗಿರೋದು ಅಂಚು. ಹಕ್ಕಿನೇ ಹತ್ತಿರಕ್ಕೆ ಬರಬೇಕು. ಇಷ್ಟು." ಅಂತ ತಟ್ಟೆಯಿಂದ ಬಾಗಿಲವರೆಗೆ ಕೈ ತೋರಿಸಿದರು.

"ಎಷ್ಟು ಹೊಡೆದಿದ್ದೀರೋ ಏನೋ, ಇನ್ನೂ ನೋಡೋದು ಬಾಕಿ ಇದೆಯಾ?" ಅತ್ತೆ ಕೇಳಿದರು.

ಅಪ್ಪ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದರು. ಆಮೇಲೆ, "ಅದಕ್ಕೇ ಅಮ್ಮಾವ್ರೇ. ಹತ್ತಿರದಿಂದ ನಾನು ನೋಡಿರೋದೆಲ್ಲ ಸತ್ತದ್ದನ್ನೇ. ಜೀವ ಇದ್ದಾಗ ಅದು ಯಾವಾಗಲೂ ಕೋವಿ ತುದೀಲಿ, ಓಡ್ತಾ ಇತ್ತು, ಇಲ್ಲ ಹಾರ್ತಾ ಇತ್ತು. ಸುಮ್ಮನೆ ನಿಂತಿರೋ ಕೌಜುಗ ಹೇಗಿರುತ್ತೆ ಅಂತ ನನಗೆ ಗೊತ್ತಿಲ್ಲ" ಅಂದರು.

ಅತ್ತೆ ತಮ್ಮ ತಟ್ಟೆ ನೋಡಿಕೊಂಡು ಊಟ ಮುಂದುವರಿಸಿದರು.

ಹಕ್ಕಿ ಅಷ್ಟು ಹತ್ತಿರ ಬರಬೇಕಾದರೆ ಬೇಟೆಯವರ ಅಂಗಿ ಬೇಕು ಅಂದರು ಅಪ್ಪ. ಅವರ ಚಿಕ್ಕಪ್ಪ ಹಾಕುತ್ತಿದ್ದಂಥದ್ದು: ಗಿಡದ ಬಣ್ಣ ಹಾಕಿದ ಸಡಿಲ ಅಂಗಿ, ಅದರ ಮೇಲೆ ಚಿಂದಿ ತೇಪೆ, ತಲೆಗೆ ಗೋಣಿಚೀಲದ ಕೊಪ್ಪೆ. ಅಂಗಡಿಯಲ್ಲಿ ಸಿಗುವ ಮಿಲಿಟರಿ ಬಣ್ಣದ ಜಾಕೆಟ್ಟು ತರೋಣ ಅಂದದ್ದಕ್ಕೆ ಒಪ್ಪಲಿಲ್ಲ. ಅದು ಬೇರೆ ಯಾವುದೋ ದೇಶದ ಕಾಡಿನ ಹಸಿರು, ನಮ್ಮ ಕಡೆ ಪೊದೆ ಫೆಬ್ರವರಿಯಲ್ಲಿ ಹಸಿರಿರಲ್ಲ, ಬೂದಿ ಮತ್ತು ಮಣ್ಣು ಅಂದರು. ಹೊಲಿಯುವುದು ಅಂದಮೇಲೆ ಅದು ನನ್ನ ಕೆಲಸ. ನನಗೆ ಖುಷಿಯಾಯಿತು, ನಿಜ ಹೇಳಬೇಕೆಂದರೆ. ಅಪ್ಪ ನನ್ನ ಹತ್ತಿರ ಏನನ್ನೂ ಕೇಳಿದವರಲ್ಲ.

ಬಟ್ಟೆಗೆ ಯಜಮಾನರ ಎರಡು ಹಳೇ ಕೆನೆಬಣ್ಣದ ಕಾಟನ್ ಶರ್ಟು ಬಿಚ್ಚಿದೆ. ಬಣ್ಣಕ್ಕೆ ಈರುಳ್ಳಿ ಸಿಪ್ಪೆ. ಮಾರ್ಕೆಟ್ಟಿನಲ್ಲಿ ಈರುಳ್ಳಿಯವನು ಒಂದು ಚೀಲ ತುಂಬಾ ಹಾಗೇ ಕೊಟ್ಟ. "ತಲೆಗೆ ಹಚ್ಕೊಳ್ಳೋಕಾ ಮೇಡಂ? ಎಲ್ರೂ ಅದಕ್ಕೇ ಕೇಳ್ತಾರೆ" ಅಂದ. ಇನ್ನೊಂದು ಬಣ್ಣಕ್ಕೆ ದಾಳಿಂಬೆ ಸಿಪ್ಪೆ, ಅದರ ಜೊತೆ ತುಕ್ಕು ಹಿಡಿದ ಮೊಳೆ. ಮೊಳೆ ಹಾಕಿ ಕುದಿಸಿದರೆ ದಾಳಿಂಬೆಯ ಹಳದಿ ಕಪ್ಪು ಹಸಿರಿಗೆ ತಿರುಗುತ್ತೆ ಅಂತ ಅಪ್ಪ ಹೇಳಿದಾಗ ನಂಬಲಿಲ್ಲ. ಟೆರೇಸಿನ ಮೇಲೆ ಸಣ್ಣ ಒಲೆ ಇಟ್ಟು ಕುದಿಸಿದೆ. ಅತ್ತೆ ಮೆಟ್ಟಿಲ ಹತ್ತಿರ ನಿಂತು, "ಆ ಪಾತ್ರೆ ಇನ್ನು ಅಡುಗೆಮನೆಗೆ ಬರಕೂಡದು" ಅಂದರು. ಆಮೇಲೆ, "ಶಿವಪೂಜೆ ನಡೆಯೋ ಮನೇಲಿ ಬೇಟೆ ಬಟ್ಟೆ ಬೇಯ್ತಾ ಇದೆ" ಅಂತ ಆಕಾಶಕ್ಕೆ ಹೇಳಿದರು.

ಅಪ್ಪ ಪಕ್ಕದಲ್ಲೇ ಮಣೆ ಹಾಕಿಕೊಂಡು ಕೂತಿದ್ದರು. "ಹೊಡೆಯೋಕಲ್ಲ ಅಮ್ಮಾವ್ರೇ, ನೋಡೋಕೆ."

"ನೋಡೋಕೆ ಮೈ ಯಾಕೆ ಮುಚ್ಚಿಡ್ಬೇಕು? ಕದ್ದು ನೋಡೋದೂ ಒಂದು ಕಳ್ಳತನವೇ ಬೀಗ್ರೇ."

"ಆಗಲಿ. ಈ ಸಲ ಕದಿಯೋದು ಅಷ್ಟೇ."

ಬಣ್ಣ ಚೆನ್ನಾಗಿ ಹಿಡಿಯಿತು. ಒಂದು ಒಣಗಿದ ಎಲೆಯ ಕಂದು, ಇನ್ನೊಂದು ಕಲ್ಲಿನ ಮೇಲಿನ ಪಾಚಿಯಂಥದ್ದು. ಕಂದು ಬಟ್ಟೆಯಲ್ಲಿ ಅಂಗಿ ಹೊಲಿದೆ. ಇನ್ನೊಂದರಲ್ಲಿ ಎಲೆಯಾಕಾರದ ತುಂಡುಗಳನ್ನು ಕತ್ತರಿಸಿ, ಅಂಚು ಬಿಡದ ಹಾಗೆ ಒಂದೊಂದಕ್ಕೂ ಹೊಲಿಗೆ ಹಾಕಿ, ಎದೆ, ಬೆನ್ನು, ತೋಳಿನ ಮೇಲೆ ಕೂರಿಸಿದೆ. ಮುಗಿದಮೇಲೆ ನನಗೆ ಅಭ್ಯಾಸವಾದ ಹಾಗೆ ಒಗೆದೆ, ಒಂದಿಷ್ಟು ಗಂಜಿ ಹಾಕಿದೆ, ತೋಳಿಗೆ ಗೆರೆ ಬರುವ ಹಾಗೆ ಇಸ್ತ್ರಿ ಮಾಡಿದೆ. ಹೊಸ ಬಟ್ಟೆಯನ್ನು ಬೇರೆ ಥರ ಕೊಡುವುದು ನನಗೆ ಗೊತ್ತಿಲ್ಲ.

ಅಪ್ಪ ಹಾಕಿಕೊಂಡರು. ತೋಳನ್ನು ಒಂದು ಸಲ ಮಡಚಿ ಬಿಚ್ಚಿದರು. ಕನ್ನಡಿ ಮುಂದೆ ನಿಲ್ಲುವುದನ್ನು ಅವರು ಆಗಲೇ ಬಿಟ್ಟಿದ್ದರು. "ಚೆನ್ನಾಗಿದೆಯಾ?" ಅಂತ ನನ್ನನ್ನೇ ಕೇಳಿದರು.

"ತುಂಬಾ ಚೆನ್ನಾಗಿದೆ ಅಪ್ಪ."

"ಸರಿ ಹಾಗಾದ್ರೆ."

ಯಜಮಾನರ ಸ್ನೇಹಿತರೊಬ್ಬರಿಗೆ ವಸಂತಪುರದ ಆಚೆ ಒಂದೂವರೆ ಎಕರೆ ಜಾಗವಿದೆ. ಕಟ್ಟದೆ ಬಿಟ್ಟಿದ್ದಾರೆ. ಸುತ್ತ ಅಪಾರ್ಟ್‌ಮೆಂಟು ಬಂದಿವೆ, ಇಲ್ಲಿ ಮಾತ್ರ ಲಂಟಾನ, ಬಂಡೆ, ಒಣಹುಲ್ಲು. ಕೌಜುಗ ಅಲ್ಲಿ ದಿನವೂ ಕೂಗುತ್ತೆ ಅಂತ ಅವರೇ ಹೇಳಿದ್ದರು. ಮಾರ್ಚ್ ಮೊದಲ ವಾರ, ಬೆಳಕು ಹರಿಯುವಾಗ ಯಜಮಾನರು ನಮ್ಮನ್ನು ಬಿಟ್ಟು ಕಾರಿನಲ್ಲೇ ಕೂತರು. ನಾನು ಅಪ್ಪನ ಕೈ ಹಿಡಿದು ಒಂದು ಲಂಟಾನ ಪೊದೆಯ ಬುಡಕ್ಕೆ ಕರೆದುಕೊಂಡು ಹೋದೆ. ಅಪ್ಪನ ಹಿಂದೆ, ಕಂದು ಶಾಲು ಹೊದ್ದು ಕೂತೆ.

ಹಕ್ಕಿ ಕೂಗಿತು. "ಕತೀಲ, ಕತೀಲ, ಕತೀಲ" ಅಂತ, ಯಾರೋ ಅವಸರದಲ್ಲಿ ಹೆಸರು ಹಿಡಿದು ಕರೆದ ಹಾಗೆ. ಇನ್ನೊಂದು ಉತ್ತರ ಕೊಟ್ಟಿತು. ಬಹಳ ಹೊತ್ತಿನ ಮೇಲೆ ಎದುರಿನ ಹುಲ್ಲು ಅಲುಗಾಡಿ, ಒಂದು ಸಣ್ಣ ತಲೆ ಹೊರಗೆ ಬಂತು. ಅಪ್ಪ ಉಸಿರು ಎಳೆದುಕೊಂಡರು, ಅಷ್ಟೇ. ಅವರ ಅಂಗಿ "ಚರ್" ಅಂದಿತು. ತಲೆ ಮಾಯವಾಯಿತು. ಆಮೇಲೆ ಒಂದು ಗಂಟೆ ಕೂತೆವು. ಬಿಸಿಲು ಬಂದು ಅಪ್ಪನ ಬೆನ್ನಿನ ಮೇಲೆ ಬಿದ್ದಾಗ, ಆ ಒಣಹುಲ್ಲಿನ ನಡುವೆ ಅವರು ಅಂಗಡಿ ಬೊಂಬೆಯ ಹಾಗೆ ಚೊಕ್ಕಟವಾಗಿ ಕಾಣುತ್ತಿದ್ದರು.

"ಬಂದಿತ್ತಾ?" ಕಾರಿನ ಹತ್ತಿರ ಬಂದಮೇಲೆ ಅಪ್ಪ ಕೇಳಿದರು.

"ಬಂದಿತ್ತು ಅಪ್ಪ. ತಲೆ ಹಾಕಿ ಹೋಯ್ತು."

"ಓ" ಅಂದರು.

ಮನೆಗೆ ಬಂದಾಗ ಅತ್ತೆ ಪೂಜೆ ಮುಗಿಸಿ ಕಾಯುತ್ತಿದ್ದರು. "ಏನಾಯ್ತು ಬೀಗ್ರೇ?" "ಹಕ್ಕಿಗೆ ಪುರುಸೊತ್ತಿರಲಿಲ್ಲ ಅಮ್ಮಾವ್ರೇ" ಅಂದರು ಅಪ್ಪ, ಶೂ ಬಿಚ್ಚುತ್ತಾ.

ಮಾರನೆಯ ದಿನ ನಾನು ಆ ಅಂಗಿಯನ್ನು ಒಗೆಯಲು ಎತ್ತಿಕೊಂಡಾಗ ಅಪ್ಪ ಕೈ ಚಾಚಿದರು. ತೋಳಿನ ಬಟ್ಟೆಯನ್ನು ನನ್ನ ಕಿವಿಯ ಹತ್ತಿರ ಹಿಡಿದು ಎರಡು ಬೆರಳಿನಲ್ಲಿ ಉಜ್ಜಿದರು. ಹಪ್ಪಳ ಮುರಿದ ಹಾಗೆ ಕೇಳಿತು.

"ಗಂಜಿ ಹಾಕಿದ್ದೀಯ ಅಲ್ವಾ."

"ಸ್ವಲ್ಪ ಅಪ್ಪ. ತೆಳ್ಳಗೆ."

"ಸೋಪು ಯಾವುದು? ಬಟ್ಟೆ ಬೆಳ್ಳಗೆ ಮಾಡೋ ಪುಡಿಯಾ? ಅದು ನಮ್ಮ ಕಣ್ಣಿಗೆ ಬರೀ ಬಿಳುಪು. ಹಕ್ಕಿ ಕಣ್ಣಿಗೆ ದೀಪ ಹಚ್ಚಿಟ್ಟ ಹಾಗೆ. ನಮ್ಮ ಚಿಕ್ಕಪ್ಪ, ಒಗೆದ ಪಂಚೆ ಉಟ್ಟು ಬಂದವರನ್ನ ಊರ ಬಾಗಿಲಲ್ಲೇ ವಾಪಸ್ ಕಳಿಸೋರು." ಆಮೇಲೆ ಎದೆಯ ಮೇಲಿನ ತೇಪೆಗಳ ಮೇಲೆ ಬೆರಳಾಡಿಸಿದರು. ಒಂದು, ಇನ್ನೊಂದು, ಮತ್ತೊಂದು. "ಎಲ್ಲಾ ಒಂದೇ ಅಂತರ. ಕಾಡಲ್ಲಿ ಎಲೆ ಹೀಗೆ ಸಾಲಾಗಿ ಕೂತಿರುತ್ತಾ ಮಗಳೇ?"

"ನಿಮಗೆ ಹಾಕ್ಕೊಂಡಾಗಲೇ ಗೊತ್ತಾಗಿತ್ತಾ?"

"ತೋಳು ಮಡಚಿದಾಗಲೇ."

"ಮತ್ತೆ ಯಾಕೆ ಹೇಳಲಿಲ್ಲ?"

"ನೀನು ಅಷ್ಟು ಚೆನ್ನಾಗಿ ಇಸ್ತ್ರಿ ಮಾಡಿ ಕೊಟ್ಟಿದ್ದೆ" ಅಂದರು.

ಮುಂದಿನ ವಾರವೇ ಮತ್ತೆ ಹೋಗೋಣ ಅಂದುಕೊಂಡೆವು. ಅಷ್ಟರಲ್ಲಿ ಅಪ್ಪನಿಗೆ ಜ್ವರ ಬಂತು. ಜ್ವರ ಹೋಯಿತು, ಕೆಮ್ಮು ಉಳಿಯಿತು; ಪೊದೆಯಲ್ಲಿ ಕೆಮ್ಮುವವರು ಕೂರುವ ಹಾಗಿಲ್ಲ. ಏಪ್ರಿಲ್ ಪೂರ್ತಿ ಹಾಗೇ ಹೋಯಿತು. ಕಣ್ಣು ಕೆಮ್ಮಿಗಾಗಿ ಕಾಯಲಿಲ್ಲ. ಅಪ್ಪ ಲೋಟದ ಪಕ್ಕ ನೀರು ಬಗ್ಗಿಸತೊಡಗಿದರು. ಒಂದು ದಿನ ಬಾಗಿಲಿಗೆ ತಗುಲಿಹಾಕಿದ್ದ ಟವೆಲ್ಲಿಗೆ "ಬನ್ನಿ ಅಮ್ಮಾವ್ರೇ" ಅಂದರು. ಅತ್ತೆ ಅಡುಗೆಮನೆಯಿಂದ ನೋಡುತ್ತಿದ್ದರು. ಅವರ ಬಾಯಲ್ಲಿ ಒಂದು ಮಾತು ಬರುತ್ತೆ ಅಂತ ಕಾದೆ. ಬರಲಿಲ್ಲ. ಸದ್ದಾಗದಂತೆ ಬಂದು ಆ ಟವೆಲ್ ತೆಗೆದು, ತಾವೇ ಅಲ್ಲಿ ನಿಂತು, "ಬಂದೆ ಬೀಗ್ರೇ" ಅಂದರು.

ನಾನು ಆ ದಿನಗಳಲ್ಲಿ ಸರಿಯಾಗಿ ಮಲಗಲಿಲ್ಲ. ಬೇರೆಯವರು ಕೇಳಿದರೆ ನಗಬಹುದು, ಒಂದು ಹಕ್ಕಿ ತಪ್ಪಿಹೋದದ್ದಕ್ಕೆ ಇಷ್ಟಾ ಅಂತ. ಆದರೆ ಅವತ್ತು ಅಪ್ಪನಿಗೆ ಇದ್ದ ಕಣ್ಣು ಈಗ ಇರಲಿಲ್ಲ. ಆ ಒಂದು ಅವಕಾಶ ಹೋದದ್ದು ನನ್ನ ಗಂಜಿಯಲ್ಲಿ.

ಎರಡನೆಯ ಅಂಗಿ ಶುರು ಮಾಡಿದ್ದು ಮೇ ತಿಂಗಳಲ್ಲಿ, ಕೆಮ್ಮು ನಿಂತಮೇಲೆ. ಮೆತ್ತಗಿನ ಬಟ್ಟೆ ಬೇಕಿತ್ತು. ಬೀರುವಿನಲ್ಲಿ ಇದ್ದ ಹಳೆಯದೆಲ್ಲ ತೆಗೆದು ಕಿವಿಯ ಹತ್ತಿರ ಉಜ್ಜಿ ಉಜ್ಜಿ ನೋಡುತ್ತಿದ್ದೆ. ಅತ್ತೆ ಬಾಗಿಲಲ್ಲಿ ನಿಂತು ಸುಮಾರು ಹೊತ್ತು ನೋಡಿದರು. ಆಮೇಲೆ ತಮ್ಮ ಕೋಣೆಗೆ ಹೋಗಿ ಒಂದು ಕಾಟನ್ ಸೀರೆ ತಂದು ನನ್ನ ಮಡಿಲಿಗೆ ಹಾಕಿದರು. ಅವರು ಪೂಜೆಗೆ ಉಡುತ್ತಿದ್ದದ್ದು. ಮೊದಲು ಯಾವ ಬಣ್ಣವಿತ್ತೋ, ಈಗ ಒಂದು ಥರ ಬೂದಿ.

"ಇಪ್ಪತ್ತು ವರ್ಷ ಒಗೆದಿದ್ದು. ಇದಕ್ಕಿನ್ನು ಸದ್ದು ಮಾಡೋ ಶಕ್ತಿ ಇಲ್ಲ" ಅಂದರು.

"ಅತ್ತೆ, ಇದು ನಿಮ್ಮ ಪೂಜೆ ಸೀರೆ."

"ಗೊತ್ತು. ಬೀಗ್ರಿಗೆ ಹೇಳು, ಕೊಲ್ಲೋಕಲ್ಲ ಅಂತ ಮಾತು ಕೊಟ್ಟಿದ್ದಾರೆ. ಮಾತು ತಪ್ಪಿದ್ರೆ ನನಗೆ ಸೀರೆ ವಾಪಸ್ ಬೇಕು, ಹೊಲಿಗೆ ಬಿಚ್ಚಿ, ಇದ್ದ ಹಾಗೆ."

ಕಿವಿಯ ಹತ್ತಿರ ಹಿಡಿದು ಉಜ್ಜಿದೆ. ಏನೂ ಕೇಳಲಿಲ್ಲ.

ಬಣ್ಣ ಹಾಕಿ ಅಂಗಿ ಹೊಲಿದಾಯಿತು. ಈ ಸಲ ಎಲೆಯಾಕಾರ ಇಲ್ಲ. ಬರೀ ಚಿಂದಿ, ಅಂಚು ಬಿಚ್ಚಿಕೊಂಡೇ ಇರಬೇಕು. ಮನುಷ್ಯನ ಭುಜದ ಗೆರೆ ಮುರಿಯಬೇಕು ಅಂತ ಅಪ್ಪ ಹೇಳಿಕೊಟ್ಟರು. ಹಕ್ಕಿಗೆ ಮುಖಕ್ಕಿಂತ ಭುಜ ಕಂಡರೆ ಭಯವಂತೆ. ಅಂಗಿಯನ್ನು ಹಾಲ್‌ನ ನೆಲದ ಮೇಲೆ ಹರಡಿಕೊಂಡು ಚಿಂದಿಗಳನ್ನು ಅಡ್ಡಾದಿಡ್ಡಿ ಇಡಲು ಕೂತೆ. ಇಟ್ಟೆ, ತೆಗೆದೆ, ಮತ್ತೆ ಇಟ್ಟೆ. ಎದ್ದು ನಿಂತು ನೋಡಿದರೆ ಮತ್ತೆ ಸಾಲು. ಕೈ ತಾನಾಗಿಯೇ ಅಳತೆ ಹಿಡಿಯುತ್ತಿತ್ತು. ಈ ವಯಸ್ಸಿನಲ್ಲಿ, ಚಿಂದಿ ಬಟ್ಟೆ ಕೈಯಲ್ಲಿ ಹಿಡಿದು ನನಗೆ ಅಳು ಬಂತು.

"ಆಚೆ ಸರಿ" ಅಂದರು ಅತ್ತೆ. ಚಿಂದಿಯನ್ನೆಲ್ಲ ಸೆರಗಿನಲ್ಲಿ ತುಂಬಿಕೊಂಡು, ಅಂಗಿಯ ತಲೆಯ ಕಡೆ ನಿಂತು, ಮದುವೆಯಲ್ಲಿ ಅಕ್ಷತೆ ಹಾಕುವ ಹಾಗೆ ಒಂದು ಹಿಡಿ ಎಸೆದರು. ಇನ್ನೊಂದು ಹಿಡಿ. ಎರಡು ಚಿಂದಿ ಭುಜದ ಮೇಲೆ ಒಂದರ ಮೇಲೊಂದು ಬಿದ್ದವು, ಒಂದು ಕಾಲರ್ ದಾಟಿ ಹೋಯಿತು, ಎದೆಯ ಒಂದು ಕಡೆ ಖಾಲಿ ಉಳಿಯಿತು.

"ಎಲ್ಲಿ ಬಿತ್ತೋ ಅಲ್ಲೇ ಹೊಲಿ. ಸರಿಮಾಡೋಕೆ ಹೋಗ್ಬೇಡ."

ಕುರ್ಚಿಯಲ್ಲಿದ್ದ ಅಪ್ಪ, "ಏನು ಮಾಡಿದ್ರಿ ಅಮ್ಮಾವ್ರೇ?" ಅಂದರು.

"ನಿಮಗೆ ಅಕ್ಷತೆ ಹಾಕಿದೆ ಬೀಗ್ರೇ. ಈ ವಯಸ್ಸಲ್ಲಿ ಇನ್ನೊಂದು ಮದುವೆ."

ಅಪ್ಪ ನಕ್ಕರು. ತುಂಬಾ ದಿನದ ಮೇಲೆ.

ಬಿದ್ದಲ್ಲೇ ಪಿನ್ನು ಚುಚ್ಚಿ, ಅಲ್ಲೇ ಹೊಲಿದೆ. ತಿರುಗಿಸಿ ಬೆಳಕಿಗೆ ಹಿಡಿಯಲಿಲ್ಲ. ಬರೀ ನೀರಿನಲ್ಲಿ ಅದ್ದಿ ತೆಗೆದು, ಟೆರೇಸಿನಲ್ಲಿ ಒಂದು ವಾರ ಬಿಸಿಲು, ಧೂಳು, ಮರದಿಂದ ಉದುರಿದ ಕಸದ ಜೊತೆ ಬಿಟ್ಟೆ. ದಿನಾ ಸಂಜೆ ಅದನ್ನು ಒಳಗೆ ತಂದು ಮಡಚಿಡಬೇಕು ಅನಿಸುತ್ತಿತ್ತು. ತರಲಿಲ್ಲ. ಮೊದಲಿನ ಅಂಗಿಯನ್ನೂ ಗಂಜಿ ಹೋಗುವ ತನಕ ನೆನೆಸಿ, ತೇಪೆ ಬಿಚ್ಚಿ, ಮಣ್ಣಿನಲ್ಲಿ ಉಜ್ಜಿ, ನನಗೇ ಇಟ್ಟುಕೊಂಡೆ.

ಎರಡನೆಯ ಸಲ ಹೋದ ಬೆಳಗ್ಗೆ ಆ ಜಾಗದ ಗೇಟಿನ ಹತ್ತಿರ ಅಲ್ಲಿನ ವಾಚ್‌ಮನ್ ಹೆಂಡತಿ ರಂಗೋಲಿ ಹಾಕುತ್ತಿದ್ದಳು. ಚಿಂದಿ ನೇತಾಡುವ ಅಂಗಿ, ತಲೆಯ ಮೇಲೆ ಗೋಣಿ ಕೊಪ್ಪೆ ಹಾಕಿದ ಅಪ್ಪನನ್ನು ನೋಡಿ ಎದ್ದು ನಿಂತಳು. "ಅಯ್ಯೋ ಅಕ್ಕ, ಬೆದರುಬೊಂಬೆ ತಂದ್ರಾ? ಇಲ್ಲಿ ಬೆಳೆ ಏನಿಲ್ವಲ್ಲಾ!" ಬೊಂಬೆ, "ಬೆಳೆ ಇಲ್ದಿದ್ರೂ ಹಕ್ಕಿ ಇದೆಯಲ್ಲಮ್ಮ" ಅಂದಾಗ ಅವಳ ಕೈಯಿಂದ ರಂಗೋಲಿ ಪುಡಿಯ ಡಬ್ಬಿ ಜಾರಿತು.

ಅದೇ ಲಂಟಾನದ ಬುಡ. ಈ ಸಲ ನಾನು ಅಪ್ಪನ ಹಿಂದೆ ಅಲ್ಲ, ಪಕ್ಕದಲ್ಲಿ ಕೂತೆ. "ಏನು ಬಂದ್ರೂ ನನ್ನನ್ನ ಮುಟ್ಬೇಡ" ಅಂದಿದ್ದರು. ದೂರದಲ್ಲಿ ಮೆಟ್ರೋ ಹೋಯಿತು. ಯಾವುದೋ ಅಪಾರ್ಟ್‌ಮೆಂಟಿನಲ್ಲಿ ನೀರಿನ ಟ್ಯಾಂಕರ್ ಹಿಂದಕ್ಕೆ ಬರುವ ರಾಗ ಮೂರು ಸಲ ಕೇಳಿತು. ನನ್ನ ಕಾಲು ಜೋಮು ಹಿಡಿಯಿತು. ಇರುವೆಯೊಂದು ಅಪ್ಪನ ಮುಂಗೈ ಹತ್ತಿ, ಬೆರಳ ಸಂದಿಯಲ್ಲಿ ಹೋಗಿ, ಇಳಿದು ಹೋಯಿತು. ಅಪ್ಪ ಅಲುಗಾಡಲಿಲ್ಲ. ಪಕ್ಕದಲ್ಲೇ ಇದ್ದರೂ, ಒಂದು ಕ್ಷಣ ಕಣ್ಣು ಬೇರೆ ಕಡೆ ಹೊರಳಿಸಿ ಮತ್ತೆ ನೋಡಿದಾಗ, ಅವರನ್ನು ಹುಡುಕಬೇಕಾಯಿತು. ಭುಜ ಇರಲಿಲ್ಲ. ಪೊದೆಯಲ್ಲಿ ಒಂದಿಷ್ಟು ಬೂದಿ, ಒಂದಿಷ್ಟು ಕಂದು.

ಹುಲ್ಲು ಅಲುಗಾಡಿತು. ಕೌಜುಗ ಹೊರಗೆ ಬಂತು. ಪೂರ್ತಿಯಾಗಿ, ಬಯಲಿಗೆ. ನೆಲ ಕೆದಕಿತು, ಏನನ್ನೋ ಹೆಕ್ಕಿತು, ನಾಲ್ಕು ಹೆಜ್ಜೆ ನಮ್ಮ ಕಡೆ ಬಂತು. ನಾನು ಬರೀ ಮಣ್ಣುಬಣ್ಣ ಅಂದುಕೊಂಡಿದ್ದೆ. ಮೈತುಂಬಾ ಎಳೆ ಎಳೆಯಾಗಿ ಗೆರೆ, ಯಾರೋ ಬಹಳ ಸಣ್ಣ ಸೂಜಿಯಲ್ಲಿ ಹಾಕಿದಂತೆ. ಗಂಟಲ ಸುತ್ತ ಒಂದು ಕಪ್ಪು ದಾರ. ಇನ್ನೂ ಎರಡು ಹೆಜ್ಜೆ. ಊಟದ ಮೇಜಿನಿಂದ ಬಾಗಿಲಿನಷ್ಟೂ ದೂರ ಇರಲಿಲ್ಲ.

ನಾನು ಕಣ್ಣನ್ನು ಮಾತ್ರ ಹೊರಳಿಸಿ ಅಪ್ಪನನ್ನು ನೋಡಿದೆ. ಅಪ್ಪನ ಮುಖ ಬೇರೆ ಕಡೆಗಿತ್ತು. ಹಕ್ಕಿ ಬಲಕ್ಕೆ ನಿಂತಿತ್ತು, ಅವರು ಎಡಕ್ಕೆ, ಖಾಲಿ ಬಂಡೆಯನ್ನು ನೋಡುತ್ತಿದ್ದರು.

ಗೊತ್ತಾಗುತ್ತಿಲ್ಲ, ಅಂದುಕೊಂಡೆ. ಇಷ್ಟು ಹತ್ತಿರ ಬಂದಿದೆ, ಅವರಿಗೆ ಗೊತ್ತಾಗುತ್ತಿಲ್ಲ. ನನ್ನ ಕೈ ಎದ್ದಿತ್ತು. ಅವರ ಗಲ್ಲ ಹಿಡಿದು ಒಂದು ಚೂರು ಬಲಕ್ಕೆ ತಿರುಗಿಸಿದರೆ ಸಾಕು. ಜೀವಮಾನವೆಲ್ಲ ನಾನು ಮಾಡಿದ್ದು ಅದನ್ನೇ, ಸೊಟ್ಟಗಾದದ್ದನ್ನು ಸರಿಮಾಡುವುದು. ಅತ್ತೆಯ ಮಾತು ನೆನಪಿಗೆ ಬಂತು. ಎದ್ದ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು, ಮೊಣಕಾಲಿನ ಮೇಲೆ ಒತ್ತಿ ಇಟ್ಟೆ.

ಹಕ್ಕಿ ಅಲ್ಲೇ ನಿಂತಿತ್ತು. ಎಷ್ಟು ಹೊತ್ತೋ ಹೇಳಲಾರೆ. ಕತ್ತು ಎತ್ತಿ ಎರಡು ಸಲ ಕೂಗಿತು. ಕೂಗುವಾಗ ಇಡೀ ಮೈ ನಡುಗಿತು. ಆಮೇಲೆ ಅವಸರವಿಲ್ಲದೆ ನಡೆದು ಹುಲ್ಲಿನೊಳಗೆ ಹೋಯಿತು.

ಅಪ್ಪ ತುಂಬಾ ಹೊತ್ತು ಹಾಗೇ ಕೂತಿದ್ದರು. ಕೊನೆಗೆ ಅವರೇ, "ಎಡಗಾಲು ಎತ್ತೆತ್ತಿ ಇಡ್ತಿತ್ತು" ಅಂದರು.

ನಿಜ. ಹಕ್ಕಿಯ ಎಡಗಾಲಿಗೆ ಒಂದು ನೈಲಾನ್ ದಾರ ಸುತ್ತಿಕೊಂಡು, ತುದಿ ನೆಲದ ಮೇಲೆ ಎಳೆಯುತ್ತಿತ್ತು. ನಾನು ಅದನ್ನು ನೋಡಿದ್ದೆ, ಅವರಿಗೆ ಹೇಳಬಾರದು ಅಂತ ಕೂಡ ಅಂದುಕೊಂಡಿದ್ದೆ.

"ಅಪ್ಪಾ, ನೀವು ಆ ಕಡೆ ನೋಡ್ತಿದ್ರಿ!"

"ನೇರ ನೋಡಿದ್ರೆ ನನಗೆ ಏನೂ ಕಾಣಲ್ವಲ್ಲಮ್ಮ. ಬಂಡೆ ನೋಡಿದ್ರೆ ಹಕ್ಕಿ ಕಾಣ್ತಿತ್ತು. ಬೇಟೆ ಕಾಲದಲ್ಲೂ ನಮಗೆ ಹಾಗೇ ಹೇಳಿಕೊಡೋರು. ದಿಟ್ಟಿಸಿದ್ರೆ ಓಡುತ್ತೆ, ಪಕ್ಕಕ್ಕೆ ನೋಡು ಅಂತ. ನಾನು ಆಗ ಕೇಳ್ತಿರಲಿಲ್ಲ" ಅಂದರು.

ಆಮೇಲೆ ಅಪ್ಪ ಮನೆಗೆ ಹೋಗೋಣ ಅನ್ನಲಿಲ್ಲ. ಮೊಣಕಾಲೂರಿ, ಹುಲ್ಲಿನ ಅಂಚಿನಲ್ಲಿ, ಪೊದೆಗಳ ಸಂದಿಯಲ್ಲಿ, ನೆಲದಿಂದ ಒಂದು ಗೇಣು ಎತ್ತರದಲ್ಲಿ ಕೈಯಾಡಿಸುತ್ತಾ ಹೋದರು. ಹಕ್ಕಿ ಎಲ್ಲಿ ತಲೆ ತಗ್ಗಿಸಿ ನುಸುಳುತ್ತೋ ಅಲ್ಲಿ. ಮೊದಲನೆಯ ಉರುಲು ಸಿಕ್ಕಿತು, ಯಾರೋ ಹಕ್ಕಿ ಹಿಡಿಯಲು ಸಣ್ಣ ಗೂಟಕ್ಕೆ ಕಟ್ಟಿದ್ದ ಅದೇ ನೈಲಾನ್ ದಾರ. ನನ್ನ ಒಳ್ಳೆಯ ಕಣ್ಣಿಗೆ ಅದು ಅವರ ಬೆರಳಲ್ಲಿ ಇದ್ದಾಗಲೂ ಸರಿಯಾಗಿ ಕಾಣಲಿಲ್ಲ. ಎರಡನೆಯದು, ಮೂರನೆಯದು. ಒಟ್ಟು ಐದು ಸಿಕ್ಕವು. "ನಾವು ಕುದುರೆ ಬಾಲದ ಕೂದಲಲ್ಲಿ ಮಾಡ್ತಿದ್ವಿ. ಜಾಗ ಅದೇ" ಅಂದರು. ಒಂದೊಂದನ್ನೂ ಕಿತ್ತು ನನ್ನ ಕೈಗೆ ಕೊಟ್ಟರು. ನಾನು ಬ್ಯಾಗಿನಲ್ಲಿ ಹಾಕಿಕೊಂಡೆ. ಆ ಹಕ್ಕಿಯ ಕಾಲಿನದನ್ನು ಬಿಚ್ಚಲು ನಮ್ಮಿಂದ ಆಗಲಿಲ್ಲ. ಅದು ಹಾಗೇ ಉಳಿಯಿತು.

ಮನೆಯಲ್ಲಿ ಅತ್ತೆ ಗೇಟಿನಲ್ಲೇ ನಿಂತಿದ್ದರು. "ನೋಡಿದ್ರಾ ಬೀಗ್ರೇ?"

"ನೋಡಿದೆ ಅಮ್ಮಾವ್ರೇ."

"ಹೇಗಿತ್ತು?"

ಅಪ್ಪ ಕುರ್ಚಿಯಲ್ಲಿ ಕೂತು, ಕೊಪ್ಪೆ ತೆಗೆಯದೆ, ಹೇಳಲು ಶುರು ಮಾಡಿದರು. ಅವರು ಅಷ್ಟು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಹೇಗೆ ಕೆದಕಿತು, ಕೂಗುವ ಮೊದಲು ಹೇಗೆ ಎದೆ ಉಬ್ಬಿಸಿತು, ಹೇಗೆ ಸುಮ್ಮನೆ ನಿಂತಿತು. ಕಾಲಿನ ವಿಷಯವನ್ನೂ ಹೇಳಿದರು, ಉರುಲಿನ ವಿಷಯವನ್ನೂ. ತಾವು ಹುಡುಗರಾಗಿದ್ದಾಗ ಕಟ್ಟುತ್ತಿದ್ದದ್ದನ್ನೂ. ಅತ್ತೆ ಎದುರಿಗೆ ಕೂತು, ಕಾಫಿ ಲೋಟವನ್ನು ಮಡಿಲಲ್ಲಿ ಹಿಡಿದು, ಒಂದೂ ಅಡ್ಡಮಾತಾಡದೆ ಕೇಳಿದರು. ಮುಗಿದಮೇಲೆ ಎದ್ದು, "ಕಾಫಿ ಆರಿಹೋಯ್ತು, ಬೇರೆ ಮಾಡ್ತೀನಿ" ಅಂದರು.

ಅದಾಗಿ ವರ್ಷ ಕಳೆಯಿತು. ಅಪ್ಪನಿಗೆ ಈಗ ಕಿಟಕಿ ಗೊತ್ತಾಗುತ್ತೆ, ಯಾರೋ ಬಂದದ್ದು ಗೊತ್ತಾಗುತ್ತೆ, ಯಾರು ಅಂತ ಗೊತ್ತಾಗುವುದಿಲ್ಲ. ಅಂಗಿ ಅವರ ಕೋಣೆಯ ಬಾಗಿಲ ಹಿಂದಿನ ಮೊಳೆಯಲ್ಲಿದೆ. ಮೊನ್ನೆ ಹೊಸದಾಗಿ ಕೆಲಸಕ್ಕೆ ಸೇರಿದವಳು, ಇಷ್ಟು ಕೊಳೆ ಬಟ್ಟೆ ಈ ಮನೆಯಲ್ಲಿ ಹೇಗೆ ಉಳಿಯಿತೋ ಅಂತ ಆಶ್ಚರ್ಯಪಟ್ಟುಕೊಂಡು, ವಾಷಿಂಗ್ ಮೆಷಿನ್‌ಗೆ ಹಾಕಲು ಎತ್ತಿಕೊಂಡು ಬಂದಳು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ, ಪೂಜೆ ಇನ್ನೂ ಆಗಿರದ ಅತ್ತೆ, ಅದನ್ನು ಅವಳ ಕೈಯಿಂದ ತೆಗೆದುಕೊಂಡರು. ತೆಗೆದುಕೊಂಡು ಹೋಗಿ ಮತ್ತೆ ಮೊಳೆಗೆ ಹಾಕಿದರು. ಅದು ಒಂದು ಕಡೆಗೆ ಜೋತು ಸೊಟ್ಟಗೆ ನಿಂತಿತು. ನಾನು ನೋಡಿದೆ. ಹಾಗೇ ಬಿಟ್ಟೆ.